ಡ್ರಾಫ್ಟರ್, ಕ್ಯಾಡ್, ಬಟ್ಟೆ ಸೋಪು: ಗ್ರಾಫಿಕ್ಸ್ ಕಲಿಸುವವರು ಯಾವುದನ್ನು ಆರಿಸಿಕೊಳ್ಳಬೇಕು?

ಮೊದಲ ಸೆಮಿಸ್ಟರ್ ಶುರುವಾಗುವ ವಾರ ಬಂತೆಂದರೆ ಇಂಜಿನಿಯರಿಂಗ್ ಗ್ರಾಫಿಕ್ಸ್ (ವಸ್ತುಗಳ ಅಳತೆಯ ಚಿತ್ರ ಬರೆಯುವ ಪಾಠ) ಕಲಿಸುವವರಿಂದ ನನ್ನ ಫೋನಿಗೆ ಒಂದೇ ತರದ ಪ್ರಶ್ನೆ ಬರುತ್ತದೆ. ಬಳ್ಳಾರಿಯಿಂದಲೂ ಬರುತ್ತದೆ, ರಾಯಚೂರಿನಿಂದಲೂ ಬರುತ್ತದೆ, ಕೊಪ್ಪಳದ ಕಡೆ ಹೊಸದಾಗಿ ಕೆಲಸಕ್ಕೆ ಸೇರಿದವರಿಂದಂತೂ ಜಾಸ್ತಿ. "ಸರ್, ಹುಡುಗರಿಗೆ ಡ್ರಾಫ್ಟರ್ ತರೋಕೆ ಹೇಳಲಾ, ಸೀದಾ ಕಂಪ್ಯೂಟರ್ ಮುಂದೆ ಕೂರಿಸಲಾ?" ಡ್ರಾಫ್ಟರ್ ಅಂದರೆ ಬೋರ್ಡಿಗೆ ಸಿಕ್ಕಿಸಿ ನೇರ ಗೆರೆ, ಕೋನ ಎಳೆಯುವ ಸಾಧನ; ಕ್ಯಾಡ್ ಅಂದರೆ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವುದು. ಫೋನಿನಲ್ಲಿ ಹತ್ತು ನಿಮಿಷಕ್ಕೆ ಮುಗಿಯುವ ಮಾತಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನ್ನ ಒಲವು ಯಾವ ಕಡೆ ಅಂತ ಮುಂಚೆಯೇ ಹೇಳಿಬಿಡುತ್ತೇನೆ. ಮೊದಲ ಮೂರು ವಾರ ಕೈಯಲ್ಲಿ ಒಂದು ವಸ್ತು, ಒಂದು ಪೆನ್ಸಿಲ್, ಒಂದು ಬಿಳಿ ಹಾಳೆ. ಆಮೇಲೆ ಕಂಪ್ಯೂಟರ್. ಡ್ರಾಫ್ಟರ್ ನಿಜವಾಗಿ ಬೇಕಾದವರಿಗೆ ಮಾತ್ರ. ಆದರೆ ಎಲ್ಲರ ಕ್ಲಾಸೂ ನನ್ನ ಕ್ಲಾಸಿನ ಹಾಗೆ ಇರುವುದಿಲ್ಲ, ಅಲ್ವಾ? ನಿಮ್ಮಲ್ಲಿ ಎಷ್ಟು ಜನ, ಎಷ್ಟು ಕಂಪ್ಯೂಟರ್, ಪರೀಕ್ಷೆ ಎಂಥದ್ದು, ಮಕ್ಕಳಿಗೆ ಕಷ್ಟ ಎಲ್ಲಿ ಆಗುತ್ತಿದೆ, ಇದನ್ನೆಲ್ಲ ನೋಡಿ ಆರಿಸಿಕೊಳ್ಳಿ. ಕೊನೆಯದ್ದೇ ಎಲ್ಲಕ್ಕಿಂತ ಮುಖ್ಯ. ಅಲ್ಲಿಂದಲೇ ಶುರು ಮಾಡೋಣ.

ತಪ್ಪು ಎಂಥದ್ದು ಅಂತ ಮೊದಲು ನೋಡಿ

ಒಬ್ಬ ಹುಡುಗನ ಶೀಟ್ ತೆಗೆದುಕೊಳ್ಳಿ. ಗೆರೆ ಎಲ್ಲಾ ಒಂದೇ ದಪ್ಪ, ಬಾರ್ಡರ್ ಸೊಟ್ಟ, ಅಳತೆಯ ಬಾಣ ಗೆರೆಗೆ ತಾಗಿಯೇ ಇಲ್ಲ. ಆದರೆ ಟಾಪ್ ವ್ಯೂ (ಮೇಲಿಂದ ಕಾಣುವ ಚಿತ್ರ) ಸರಿಯಾಗಿ ಫ್ರಂಟ್ ವ್ಯೂ (ಮುಂದಿನಿಂದ ಕಾಣುವ ಚಿತ್ರ) ಕೆಳಗೆ ಇದೆ, ಒಳಗಿನ ತೂತಿಗೆ ತುಂಡು ಗೆರೆ ಹಾಕಿದ್ದಾನೆ, ಸೈಡ್ ವ್ಯೂನಲ್ಲಿ ಮೆಟ್ಟಿಲಿನ ಎತ್ತರ ಸರಿ ಇದೆ. ಇದು ಗೆರೆಯ ತಪ್ಪು.

ಇನ್ನೊಬ್ಬಳ ಶೀಟ್ ಅಚ್ಚು ಹಾಕಿದ ಹಾಗಿದೆ. ಆದರೆ ಸೈಡ್ ವ್ಯೂ ಎಡಬಲ ತಿರುಗಿದೆ. 60 ಡಿಗ್ರಿ ಇಳಿಜಾರಿನ, 50 ಮಿ.ಮೀ. ಉದ್ದದ ಮುಖವನ್ನು ಟಾಪ್ ವ್ಯೂನಲ್ಲೂ 50 ಅಂತಲೇ ಎಳೆದಿದ್ದಾಳೆ, ಅದು ಮೇಲಿಂದ ನೋಡಿದರೆ 25 ಮಾತ್ರ ಕಾಣಬೇಕು. ಇದು ನೋಟದ ತಪ್ಪು, ಅಂದರೆ ವಸ್ತುವನ್ನು ಮನಸ್ಸಿನಲ್ಲಿ ಕಾಣುವುದರಲ್ಲಿ ಆದ ತಪ್ಪು.

ನಾವು ಬಹಳ ಜನ ಎರಡನೆಯ ಶೀಟಿಗೇ ಜಾಸ್ತಿ ಅಂಕ ಕೊಟ್ಟಿರುತ್ತೇವೆ. ಕಣ್ಣಿಗೆ ಚೆಂದ ಕಾಣುತ್ತದೆ, ಅದಕ್ಕೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದ್ದೇನೆ. ಈಗ ಎರಡು ಪೆನ್ ಇಟ್ಟುಕೊಂಡು ತಿದ್ದುತ್ತೇನೆ, ಗೆರೆಯ ತಪ್ಪಿಗೆ ಹಸಿರು, ನೋಟದ ತಪ್ಪಿಗೆ ಕೆಂಪು. ಒಂದೇ ವಾರ ಹೀಗೆ ತಿದ್ದಿ ನೋಡಿ. ನಿಮ್ಮ ಕ್ಲಾಸಿಗೆ ಏನು ಬೇಕು ಅಂತ ಶೀಟುಗಳ ಬಣ್ಣವೇ ಹೇಳುತ್ತದೆ. ಹಸಿರು ಜಾಸ್ತಿ ಇದ್ದರೆ ಕೈಗೆ ಅಭ್ಯಾಸ ಬೇಕು. ಕೆಂಪು ಜಾಸ್ತಿ ಇದ್ದರೆ ಯಾವ ಡ್ರಾಫ್ಟರೂ, ಯಾವ ಸಾಫ್ಟ್‌ವೇರೂ ತಾನಾಗಿ ಅದನ್ನು ಸರಿ ಮಾಡಲ್ಲ.

ನಮ್ಮ ಕಡೆ ಮಕ್ಕಳಲ್ಲಿ ಕೆಂಪೇ ಜಾಸ್ತಿ ಕಂಡಿದ್ದೇನೆ. ಸಿರುಗುಪ್ಪ, ಮಾನ್ವಿ, ಕುಷ್ಟಗಿ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಮಕ್ಕಳಿಗೆ ಮೂರು ಆಯಾಮದ ವಸ್ತುವನ್ನು ಹಾಳೆ ಮೇಲೆ ಬರೆಯುವ ಕೆಲಸವೇ ಹೊಸದು. ಸಾಲದ್ದಕ್ಕೆ ಪ್ರಶ್ನೆ ಇಂಗ್ಲಿಷಿನಲ್ಲಿ. ಭಾಷೆ ಗೊತ್ತಾಗಲಿಲ್ಲವೋ, ವಸ್ತು ಕಣ್ಣ ಮುಂದೆ ಬರಲಿಲ್ಲವೋ ಅಂತ ಮೇಷ್ಟ್ರಿಗೂ ತಿಳಿಯಲ್ಲ, ಮಗುವಿಗೂ ತಿಳಿಯಲ್ಲ. "ನನಗೆ ಡ್ರಾಯಿಂಗ್ ಬರಲ್ಲ ಸರ್" ಅನ್ನುವ ಒಂದೇ ಮಾತಿನಲ್ಲಿ ಎಲ್ಲಾ ಮುಚ್ಚಿಹೋಗುತ್ತದೆ.

ಬೋರ್ಡು, ಡ್ರಾಫ್ಟರ್

ಇದರ ಲಾಭ ಸಣ್ಣದಲ್ಲ. ಗೆರೆಯ ಶಿಸ್ತು ಬರುತ್ತದೆ. ಯಾವುದು ದಪ್ಪ, ಯಾವುದು ತೆಳು, ಸೆಂಟರ್ ಲೈನ್ ಎಲ್ಲಿ, ಒಂದು ವ್ಯೂನಿಂದ ಇನ್ನೊಂದಕ್ಕೆ ಎಳೆಯುವ ಪ್ರೊಜೆಕ್ಟರ್ ಗೆರೆ ಎಲ್ಲಿಂದ ಎಲ್ಲಿಗೆ, ಇದೆಲ್ಲ ಕೈಗೆ ಹತ್ತುತ್ತದೆ. ಐಟಿಐ ಡ್ರಾಫ್ಟ್ಸ್‌ಮನ್ ಟ್ರೇಡಿನವರಿಗೆ ಕೊಡಿ, ಖಂಡಿತ ಕೊಡಿ. ಕರೆಂಟ್ ಬೇಡ, ಲ್ಯಾಬ್ ಬೇಡ, ಒಂದು ಸಲ ಕೊಂಡರೆ ತಮ್ಮನೂ ತಂಗಿಯೂ ಬಳಸಬಹುದು.

ಆದರೆ ಗಂಟೆ ಎಣಿಸಿ ನೋಡಿ. ಶೀಟ್ ಅಂಟಿಸುವುದು, ಬಾರ್ಡರ್, ಟೈಟಲ್ ಬ್ಲಾಕ್, ಡ್ರಾಫ್ಟರ್ ಸೆಟ್ ಮಾಡುವುದು, ಇಷ್ಟರಲ್ಲೇ ಅರ್ಧ ಗಂಟೆ ಹೋಯಿತು. ಮಲಗಿದ ಸಮತಲ, ನಿಂತ ಸಮತಲ ಎರಡಕ್ಕೂ ಓರೆಯಾದ ಒಂದು ಗೆರೆಯ ಲೆಕ್ಕಕ್ಕೆ ಇನ್ನೊಂದು ಗಂಟೆ. ಮೂರು ಗಂಟೆಯ ಕ್ಲಾಸಿನಲ್ಲಿ ಎರಡು ಲೆಕ್ಕ ಆದರೆ ಪುಣ್ಯ. ನೋಟ ಬೆಳೆಯಬೇಕಾದರೆ ಎರಡು ದೊಡ್ಡ ಲೆಕ್ಕಕ್ಕಿಂತ ಇಪ್ಪತ್ತು ಸಣ್ಣ ಲೆಕ್ಕ ಬೇಕು. ಡ್ರಾಫ್ಟರಿನ ದೊಡ್ಡ ಕೊರತೆ ಇಲ್ಲೇ ಇದೆ.

ಇನ್ನೊಂದು ತೊಂದರೆ ನಿಮಗೂ ಗೊತ್ತಿರುತ್ತದೆ, ಗ್ಲಾಸ್ ಟ್ರೇಸಿಂಗ್. ಗಾಜಿನ ಕೆಳಗೆ ಬಲ್ಬ್ ಇಟ್ಟು, ಗೆಳೆಯನ ಶೀಟ್ ಮೇಲೆ ತನ್ನ ಶೀಟ್ ಇಟ್ಟು ಹಾಸ್ಟೆಲಿನಲ್ಲಿ ರಾತ್ರಿ ಎಳೆದು ತರುತ್ತಾರೆ. ಗೆರೆ ಅಚ್ಚುಕಟ್ಟಾಗಿರುತ್ತದೆ, ತಲೆಯಲ್ಲಿ ಏನೂ ಇರಲ್ಲ. ಮಕ್ಕಳನ್ನು ಬೈದು ಪ್ರಯೋಜನ ಇಲ್ಲ. ಮನೆಗೆಲಸವಾಗಿ ಒಂದೇ ಲೆಕ್ಕವನ್ನು ಅರವತ್ತು ಜನಕ್ಕೆ ಕೊಟ್ಟಿದ್ದು ನಾವೇ.

ಕ್ಯಾಡ್, ಆದರೆ ಯಾವ ಕ್ಯಾಡ್?

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಮಕ್ಕಳಿಗೆ ಕಂಪ್ಯೂಟರ್ ಬಿಟ್ಟು ಗತಿ ಇಲ್ಲ. 2022ರ ಸ್ಕೀಮ್‌ನಲ್ಲಿ ವಿಷಯದ ಹೆಸರೇ ಕಂಪ್ಯೂಟರ್ ಏಡೆಡ್ ಇಂಜಿನಿಯರಿಂಗ್ ಡ್ರಾಯಿಂಗ್. ಹಾಗಾಗಿ ಕಲಿಸಬೇಕಾ ಅನ್ನುವ ಪ್ರಶ್ನೆಯೇ ಏಳಲ್ಲ. ಯಾವಾಗ, ಹೇಗೆ ಅನ್ನುವುದನ್ನು ಮಾತ್ರ ನಾವು ತೀರ್ಮಾನ ಮಾಡಬೇಕು.

ಕ್ಯಾಡ್ ಅಂದಾಗ ಎರಡು ಬೇರೆ ಕೆಲಸಗಳು ಒಂದೇ ಹೆಸರಿನಲ್ಲಿ ಓಡಾಡುತ್ತವೆ. ಒಂದು, ಪರದೆ ಮೇಲೆ ಎಕ್ಸ್‌ವೈ ಗೆರೆ (ಎರಡು ವ್ಯೂಗಳ ನಡುವಿನ ಗೆರೆ) ಎಳೆದು, ಬೋರ್ಡಿನ ಮೇಲೆ ಮಾಡಿದ ಹಾಗೇ ಒಂದೊಂದೇ ಗೆರೆ ಎಳೆದು ಪ್ರೊಜೆಕ್ಷನ್, ಅಂದರೆ ವಸ್ತುವಿನ ವ್ಯೂಗಳನ್ನು, ಬಿಡಿಸುವುದು. ಇದರಲ್ಲಿ ಗೆರೆಯ ತಪ್ಪು ಪೂರ್ತಿ ಮಾಯವಾಗುತ್ತದೆ, ಆದರೆ ಯಾವ ಗೆರೆ ಎಲ್ಲಿ ಬರಬೇಕು ಅಂತ ಮಗುವೇ ಯೋಚಿಸಬೇಕು. ಇನ್ನೊಂದು, ಘನವಸ್ತುವನ್ನೇ ಮಾಡೆಲ್ ಮಾಡಿ, ಡ್ರಾಯಿಂಗ್ ಶೀಟಿಗೆ ಹೋಗಿ, ಮೂರು ಕ್ಲಿಕ್‌ನಲ್ಲಿ ಮೂರು ವ್ಯೂ ಇಳಿಸುವುದು. ಇಲ್ಲಿ ನೋಟದ ಕೆಲಸವನ್ನು ಸಾಫ್ಟ್‌ವೇರ್ ಮಾಡಿಬಿಡುತ್ತದೆ. ತುಂಡು ಗೆರೆಯನ್ನೂ ಅದೇ ಹಾಕುತ್ತದೆ. ಮಗು ಒಂದೂ ಪ್ರಶ್ನೆ ಕೇಳದೆ ಸರಿಯಾದ ಚಿತ್ರ ಪ್ರಿಂಟ್ ತೆಗೆದು ಕೊಡುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆಗಿದ್ದ ಕಾಲೇಜಿನಲ್ಲಿ, ಎರಡನೆಯ ರೀತಿಯನ್ನೇ ಮೊದಲ ದಿನದಿಂದ ಹಿಡಿದಿದ್ದೆ. ಮಕ್ಕಳಿಗೆ ಖುಷಿಯೋ ಖುಷಿ. ಪ್ರಿಂಟ್‌ಗಳು ನೋಡೋಕೆ ಚೆಂದ. ಮುಂದೆ ಅದೇ ಮಕ್ಕಳಿಗೆ ಮಷೀನ್ ಡ್ರಾಯಿಂಗ್ ತೆಗೆದುಕೊಂಡಾಗ ಒಂದು ಕಪ್ಲಿಂಗ್ (ಎರಡು ದಂಡಗಳನ್ನು ಜೋಡಿಸುವ ಯಂತ್ರಭಾಗ) ಅನ್ನು ಕೈಯಲ್ಲಿ ಕೊಟ್ಟು, ನಡುವೆ ಕತ್ತರಿಸಿದರೆ ಒಳಗೆ ಹೇಗೆ ಕಾಣುತ್ತೆ ಬರೀರಿ ಅಂದೆ. ಬಹಳ ಜನ ಪೆನ್ಸಿಲ್ ಎತ್ತಲೇ ಇಲ್ಲ. ಒಬ್ಬಳು ಮೆಲ್ಲಗೆ ಕೇಳಿದಳು, "ಸರ್, ಸಿಸ್ಟಮ್ ಆನ್ ಮಾಡಲಾ?" ಅವಳ ತಪ್ಪು ಏನೂ ಇರಲಿಲ್ಲ. ನಾನು ಕಲಿಸಿದ್ದೇ ಅದು. ಆ ದಿನ ಮನೆಗೆ ಬಂದು ಊಟ ಸೇರಲಿಲ್ಲ.

ಹಾಗಂತ ಮಾಡೆಲಿಂಗ್ ಬೇಡ ಅನ್ನುತ್ತಿಲ್ಲ. ಕ್ರಮ ಬದಲಾಯಿಸಿ, ಅಷ್ಟೇ. ಮೊದಲು ಹಾಳೆ ಮೇಲೆ ಕೈಯಲ್ಲಿ ಊಹಿಸಿ ಬರೆಯಲಿ, ತಪ್ಪಾದರೂ ಬರೆಯಲಿ. ಆಮೇಲೆ ಮಾಡೆಲ್ ಮಾಡಿ ತಿರುಗಿಸಿ, ತನ್ನ ಊಹೆಯ ಪಕ್ಕ ಇಟ್ಟು ನೋಡಲಿ. ಎಲ್ಲಿ ತಪ್ಪಿದೆ ಅಂತ ತಾನೇ ಕೆಂಪು ಪೆನ್ನಿನಲ್ಲಿ ಗುರುತು ಹಾಕಲಿ. ಸಾಫ್ಟ್‌ವೇರ್ ಹೀಗೆ ಉತ್ತರ ತೋರಿಸುವ ಕೆಲಸಕ್ಕೆ ಬಂದಾಗ ಅದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಬೇಸರ ಮಾಡಿಕೊಳ್ಳಲ್ಲ, ನೂರು ಸಲ ತಿರುಗಿಸಿದರೂ ತಿರುಗುತ್ತದೆ.

ಯಾವ ಸಾಫ್ಟ್‌ವೇರ್ ಅಂತ ಬಹಳ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಪರೀಕ್ಷೆಯ ಲ್ಯಾಬಿನಲ್ಲಿ ಯಾವುದಿದೆಯೋ ಅದೇ ಇರಲಿ. ಮನೆಯಲ್ಲಿ ಅಭ್ಯಾಸ ಮಾಡೋಕೆ ಸಾಲಿಡ್ ಎಡ್ಜ್‌ನ ವಿದ್ಯಾರ್ಥಿ ಆವೃತ್ತಿ ಉಚಿತ, ಆದರೆ ವಿಂಡೋಸ್ ಇರುವ ಗಟ್ಟಿ ಕಂಪ್ಯೂಟರ್ ಬೇಕು. ಫ್ರೀಕ್ಯಾಡ್ ಪೂರ್ತಿ ಉಚಿತ, ಇನ್‌ಸ್ಟಾಲ್ ಆದಮೇಲೆ ನೆಟ್ ಬೇಡ, ಲಿನಕ್ಸ್‌ನಲ್ಲೂ ನಡೆಯುತ್ತದೆ. ಆನ್‌ಶೇಪ್ ಬ್ರೌಸರಿನಲ್ಲೇ ಓಡುತ್ತದೆ, ಹಳೆಯ ಕಂಪ್ಯೂಟರಿಗೆ ವಾಸಿ, ಆದರೆ ನೆಟ್ ಹೋದರೆ ಕೆಲಸವೂ ಹೋಯಿತು. ಹಳ್ಳಿಯಿಂದ ಬರುವ ಮಕ್ಕಳಿಗೆ ನಾನು ಫ್ರೀಕ್ಯಾಡ್ ಹೇಳುತ್ತೇನೆ.

ಕೈಯಲ್ಲಿ ವಸ್ತು, ಕೈಯಲ್ಲಿ ಪೆನ್ಸಿಲ್

ಈಗ ನನಗೆ ಇಷ್ಟವಾದ ಜಾಗಕ್ಕೆ ಬಂದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಅಮೆರಿಕದ ಮಿಷಿಗನ್ ಟೆಕ್‌ನಲ್ಲಿ ಶೆರಿಲ್ ಸೋರ್ಬಿ ಅಂತ ಒಬ್ಬ ಪ್ರಾಧ್ಯಾಪಕಿ ಇದ್ದರು. ತಾವೇ ವಿದ್ಯಾರ್ಥಿಯಾಗಿದ್ದಾಗ ಗ್ರಾಫಿಕ್ಸ್‌ನಲ್ಲಿ ಒದ್ದಾಡಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. 1993ರಲ್ಲಿ ಅವರು ಮತ್ತು ಜೊತೆಗಾರರು ಹೊಸ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, 60 ಶೇಕಡ ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ಬೇರೆಯಾಗಿ ಒಂದು ಸಣ್ಣ ಕೋರ್ಸ್ ಶುರು ಮಾಡಿದರು. ಘನಗಳನ್ನು ಜೋಡಿಸುವುದು, ಕೈಯಲ್ಲಿ ಸ್ಕೆಚ್ ಮಾಡುವುದು, ತಿರುಗಿಸುವುದು, ಕತ್ತರಿಸುವುದು, ಮಡಿಸುವುದು. ಆ ಕೋರ್ಸ್ ಮಾಡಿದವರು ನೋಟದಲ್ಲೂ ಮುಂದೆ ಬಂದರು, ಮುಂದಿನ ಇಂಜಿನಿಯರಿಂಗ್ ವಿಷಯಗಳಲ್ಲೂ ಚೆನ್ನಾಗಿ ಮಾಡಿದರು. ಆಮೇಲೆ 2013ರಲ್ಲಿ ಡೇವಿಡ್ ಉಟಾಲ್ ಅನ್ನುವ ಸಂಶೋಧಕರು ಮತ್ತು ಜೊತೆಗಾರರು 217 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಇದೇ ಕಂಡಿತು: ಈ ಶಕ್ತಿ ಅಭ್ಯಾಸದಿಂದ ಬೆಳೆಯುತ್ತದೆ. "ಇವನಿಗೆ ಹುಟ್ಟಿನಿಂದಲೇ ಡ್ರಾಯಿಂಗ್ ಬರಲ್ಲ" ಅನ್ನುವ ಮಾತನ್ನು ಸ್ಟಾಫ್ ರೂಮಿನಲ್ಲಿ ಯಾರಾದರೂ ಆಡಿದರೆ ನನಗೆ ಸಿಟ್ಟು ಬರುತ್ತದೆ. ಹುಡುಗಿಯರ ಬಗ್ಗೆ ಆಡಿದರೆ ಇನ್ನೂ ಜಾಸ್ತಿ ಬರುತ್ತದೆ.

ಇದಕ್ಕೆ ಏನು ಬೇಕು? ದುಡ್ಡಂತೂ ಬೇಡ.

ಬಟ್ಟೆ ಸೋಪಿನ ಒಂದು ಬಾರ್, ಒಂದು ಸಣ್ಣ ಚಾಕು. ಸೋಪನ್ನು ಮೆಟ್ಟಿಲಿನ ಹಾಗೆ ಕೊರೆಯಿರಿ, ಒಂದು ಮೂಲೆ ಓರೆಯಾಗಿ ತೆಗೆಯಿರಿ, ಪೆನ್ನಿನಿಂದ ಒಂದು ತೂತು ಹಾಕಿ. ಮಾದರಿ ತಯಾರು. ಬೆಂಚಿಗೊಂದು ಕೊಡಿ. ಮೊದಲ ದಿನ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ ಮೂರು ವ್ಯೂ ಬರೆಯಲಿ. ಎರಡನೆಯ ದಿನ ಎರಡು ನಿಮಿಷ ನೋಡಿ, ಆಮೇಲೆ ಮೇಜಿನ ಕೆಳಗೆ ಇಟ್ಟು ಬರೆಯಲಿ. ಮೂರನೆಯ ದಿನ ಐಸೊಮೆಟ್ರಿಕ್ ಚಿತ್ರ (ಮೂರು ಮುಖವೂ ಒಟ್ಟಿಗೆ ಕಾಣುವ ಚಿತ್ರ) ಮಾತ್ರ ಕೊಡಿ, ವಸ್ತು ಬೇಡ. ನಾಲ್ಕನೆಯ ದಿನ ಉಲ್ಟಾ: ಮೂರು ವ್ಯೂ ಕೊಟ್ಟು, ಸೋಪನ್ನು ಹಾಗೆ ಕೊರೆದು ತೋರಿಸಿ ಅನ್ನಿ. ಆ ನಾಲ್ಕನೆಯ ದಿನದ ಕ್ಲಾಸನ್ನು ಒಂದು ಸಲ ನೋಡಬೇಕು ನೀವು. ಗಲಾಟೆಯೋ ಗಲಾಟೆ, ಆದರೆ ಎಲ್ಲರ ಮಾತೂ ಗ್ರಾಫಿಕ್ಸ್ ಬಗ್ಗೆಯೇ ಇರುತ್ತದೆ.

ಸೆಕ್ಷನ್‌ಗೆ ಗಜ್ಜರಿ. ಸೆಕ್ಷನ್ ಅಂದರೆ ಕತ್ತರಿಸಿದಾಗ ಕಾಣುವ ಮುಖ. ಅಡ್ಡಕ್ಕೆ ಕತ್ತರಿಸಿದರೆ ವೃತ್ತ, ಓರೆಯಾಗಿ ಕತ್ತರಿಸಿದರೆ ಎಲಿಪ್ಸ್. ಕತ್ತರಿಸುವ ಮುಂಚೆ ಏನು ಬರುತ್ತೆ ಅಂತ ಬರೆಸಿ, ಆಮೇಲೆ ಕತ್ತರಿಸಿ. ಕತ್ತರಿಸಿ ತೋರಿಸಿ ಆಮೇಲೆ ಬರೆಸಿದರೆ ಪ್ರಯೋಜನ ಇಲ್ಲ. ಊಹೆ ಮೊದಲು, ಚಾಕು ಆಮೇಲೆ.

ಡೆವಲಪ್‌ಮೆಂಟ್‌ಗೆ ಬಸ್‌ಸ್ಟ್ಯಾಂಡಿನ ಶೇಂಗಾ ಪೊಟ್ಟಣ. ಡೆವಲಪ್‌ಮೆಂಟ್ ಅಂದರೆ ವಸ್ತುವಿನ ಮೇಲ್ಮೈಯನ್ನು ಬಿಚ್ಚಿ ಚಪ್ಪಟೆಯಾಗಿ ಹರಡುವುದು. 100 ಮಿ.ಮೀ. ತ್ರಿಜ್ಯದ ಅರ್ಧ ವೃತ್ತ ಕತ್ತರಿಸಿ ಸುತ್ತಿದರೆ ಶಂಕು ಆಗುತ್ತದೆ, ಅದರ ತಳದ ತ್ರಿಜ್ಯ ಸರಿಯಾಗಿ 50. ಕೋನದ ಸೂತ್ರ ಗೊತ್ತಲ್ಲ, 360 ಗುಣಿಸು ತಳದ ತ್ರಿಜ್ಯ, ಭಾಗಿಸು ಓರೆ ಎತ್ತರ. ಇಲ್ಲಿ 180 ಬರುತ್ತದೆ. ಈಗ ಆ ಇರುವೆಯ ಲೆಕ್ಕ ಕೇಳಿ, ಎಲ್ಲಾ ಪ್ರಶ್ನೆಪತ್ರಿಕೆಗಳ ಹಳೆಯ ನೆಂಟ ಅದು. ಇರುವೆ ತಳದ ಅಂಚಿನಲ್ಲಿದೆ, ಎದುರಿನ ಪಕ್ಕದ ಓರೆ ಗೆರೆಯ ನಡುಮಧ್ಯಕ್ಕೆ ಹೋಗಬೇಕು, ಹತ್ತಿರದ ದಾರಿ ಎಷ್ಟು? ಕಾಗದ ಬಿಚ್ಚಿದರೆ ಎರಡು ಗೆರೆಗಳ ನಡುವೆ 90 ಡಿಗ್ರಿ, ಒಂದು 100, ಇನ್ನೊಂದು 50, ನೇರ ಗೆರೆ ಸುಮಾರು 112 ಮಿ.ಮೀ. ಮತ್ತೆ ಸುತ್ತಿ, ಅದೇ ಎರಡು ಬಿಂದುಗಳ ನಡುವೆ ದಾರ ಬಿಗಿಯಾಗಿ ಎಳೆದು ಅಳೆಯಿರಿ. ಅದೂ ಅಷ್ಟೇ ಬರುತ್ತದೆ. ದಾರ ಕೈಯಲ್ಲಿ ಹಿಡಿದ ಮಗುವಿಗೆ ಆ ಲೆಕ್ಕ ಜನ್ಮದಲ್ಲಿ ಮರೆಯಲ್ಲ.

ಬಳ್ಳಾರಿಯವರಿಗೆ ಇನ್ನೂ ಒಂದು ಸೌಲಭ್ಯ ಇದೆ, ಜೀನ್ಸ್. ಒಂದು ವರ್ಷ ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು, ಅಮ್ಮ ಜೀನ್ಸ್ ಹೊಲಿಯುವ ಕಡೆ ಕೆಲಸಕ್ಕೆ ಹೋಗುತ್ತಿದ್ದರು. ಪ್ರೊಜೆಕ್ಷನ್‌ನಲ್ಲಿ ಬಹಳ ಹಿಂದೆ. ಡೆವಲಪ್‌ಮೆಂಟ್ ಶುರು ಮಾಡಿದ ದಿನ ಎಲ್ಲರಿಗಿಂತ ಮುಂಚೆ ಅವಳದ್ದೇ ಮುಗಿದಿತ್ತು. ಹೇಗಮ್ಮಾ ಅಂದರೆ, "ಸರ್, ಇದು ಕಟಿಂಗ್ ಅಲ್ವಾ, ಪ್ಯಾಂಟ್‌ನ ಪ್ಯಾಟರ್ನ್ ತರಾನೇ" ಅಂದಳು. ಹೌದಲ್ಲ! ಕಟಿಂಗ್ ಮಾಸ್ಟರ್ ಚಪ್ಪಟೆ ಬಟ್ಟೆ ಮೇಲೆ ಗುರುತು ಹಾಕುವಾಗ ಕಾಲು, ಸೊಂಟ, ಮಂಡಿಯ ಮಡಿಕೆ ಎಲ್ಲಾ ಅವರ ಕಣ್ಣ ಮುಂದೆ ಇರುತ್ತದೆ. ಅಂದಿನಿಂದ ನಾನು ಹಳೆಯ ಪ್ಯಾಂಟಿನ ಹೊಲಿಗೆ ಬಿಚ್ಚಿ ಕ್ಲಾಸಿಗೆ ತಂದು, ಅಲ್ಲಿಂದಲೇ ಡೆವಲಪ್‌ಮೆಂಟ್ ಶುರು ಮಾಡುತ್ತೇನೆ. ಅವಳ ಪ್ರೊಜೆಕ್ಷನ್ ಕೂಡ ನಿಧಾನಕ್ಕೆ ಸುಧಾರಿಸಿತು, ಯಾಕೆಂದರೆ ತನಗೆ ಬರುತ್ತೆ ಅನ್ನುವ ಒಂದು ಜಾಗ ಅವಳಿಗೆ ಸಿಕ್ಕಿತ್ತು.

ಕೊಪ್ಪಳದವರು ಇಟಗಿಗೆ ಕರೆದುಕೊಂಡು ಹೋಗಿ. 1112ರಲ್ಲಿ ಕಟ್ಟಿದ ಮಹಾದೇವ ದೇವಸ್ಥಾನದ ತಿರುಗಣೆ ಕಂಬಗಳ ಮುಂದೆ ಕೂರಿಸಿ, ಕಂಬದ ಅರ್ಧ ಅಂಚನ್ನು ಮಾತ್ರ ಬರೆಸಿ. ಆ ಒಂದು ಅಂಚನ್ನು ನಡುವಿನ ಅಕ್ಷದ ಸುತ್ತ ತಿರುಗಿಸಿದರೆ ದುಂಡನೆಯ ಭಾಗ ಅಷ್ಟೂ ಬರುತ್ತದೆ. ಸಾಫ್ಟ್‌ವೇರಿನಲ್ಲಿ ರಿವಾಲ್ವ್ ಕಮಾಂಡ್ ಮಾಡುವುದೂ ಅದನ್ನೇ. ವಾಪಸ್ ಬಂದು ಅದೇ ಅಂಚನ್ನು ಕ್ಯಾಡ್‌ನಲ್ಲಿ ತಿರುಗಿಸಿ ಕಂಬ ಎಬ್ಬಿಸಲಿ.

ಈ ದಾರಿಯ ಕೊರತೆಯನ್ನೂ ಹೇಳಬೇಕು. ಮೇಷ್ಟ್ರಿಗೆ ಕೆಲಸ ಜಾಸ್ತಿ. ಅರವತ್ತು ಜನರ ಬೆಂಚು ಸುತ್ತಬೇಕು. ಗೆರೆಯ ಅಂದ ಇದರಿಂದ ಬರಲ್ಲ. ಇನ್ನು, ಸ್ಕೆಚ್‌ನಲ್ಲೇ ನಿಂತುಬಿಟ್ಟರೆ ಪರೀಕ್ಷೆಯಲ್ಲಿ ಸಾಫ್ಟ್‌ವೇರಿನ ಕಮಾಂಡ್ ನೆನಪಾಗದೆ ಮಗು ಅಂಕ ಕಳೆದುಕೊಳ್ಳುತ್ತದೆ. ಮೂರು ವಾರ, ಜಾಸ್ತಿ ಅಂದರೆ ನಾಲ್ಕು. ಅಲ್ಲಿಗೆ ಲ್ಯಾಬಿಗೆ ಹೋಗಿ.

ಮೊಬೈಲ್ ಆ್ಯಪ್, ವಿಡಿಯೊ ಬಗ್ಗೆ ಎರಡೇ ಮಾತು. ಜಿಯೋಜಿಬ್ರಾದ ತ್ರೀಡಿ ಆ್ಯಪ್‌ನಲ್ಲಿ ಘನಾಕೃತಿಗಳನ್ನು ಬೆರಳಿನಿಂದ ತಿರುಗಿಸಿ ನೋಡಬಹುದು, ಉಚಿತ, ಒಳ್ಳೆಯದು. ವಿಡಿಯೊ ನೋಡಿದರೆ ಅರ್ಥ ಆದ ಹಾಗೆ ಅನ್ನಿಸುತ್ತದೆ, ಹಾಳೆ ಮುಂದೆ ಕೂತಾಗ ಏನೂ ಬರಲ್ಲ. ಪ್ರತಿ ಎರಡು ನಿಮಿಷಕ್ಕೆ ನಿಲ್ಲಿಸಿ ಮುಂದಿನ ಗೆರೆ ತಾನೇ ಎಳೆಯುವವರಿಗೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಅಳೆಯುವುದು ಹೇಗೆ

ಇಲ್ಲೂ ಅದೇ ಪ್ರಶ್ನೆ: ಗೆರೆ ಅಳೆಯುತ್ತೀರೋ, ನೋಟ ಅಳೆಯುತ್ತೀರೋ?

ನೋಟ ಅಳೆಯೋಕೆ ತಯಾರಾಗಿರುವ ಪರೀಕ್ಷೆಗಳು ಇವೆ. ಅವುಗಳಲ್ಲಿ ಇಂಜಿನಿಯರಿಂಗ್‌ನವರು ಜಾಸ್ತಿ ಬಳಸುವುದು ಪರ್ಡ್ಯೂ ಪರೀಕ್ಷೆಯ ತಿರುಗಿಸುವ ಭಾಗ, 1970ರ ದಶಕದಲ್ಲಿ ರೋಲಂಡ್ ಗೇ ರೂಪಿಸಿದ್ದು. 30 ಪ್ರಶ್ನೆ, 20 ನಿಮಿಷ. ಒಂದು ವಸ್ತು ಹೇಗೆ ತಿರುಗಿತು ಅಂತ ತೋರಿಸುತ್ತಾರೆ, ಇನ್ನೊಂದು ವಸ್ತುವನ್ನೂ ಹಾಗೇ ತಿರುಗಿಸಿದರೆ ಹೇಗಿರುತ್ತೆ ಅಂತ ಐದರಲ್ಲಿ ಒಂದನ್ನು ಆರಿಸಬೇಕು. ಸೋರ್ಬಿ ಅವರು ಬಳಸಿದ್ದೂ ಇದನ್ನೇ. 60 ಶೇಕಡ ಅಂದರೆ 18 ಅಂಕ. ನಮ್ಮ ಮಕ್ಕಳಿಗೆ ಇದರಲ್ಲಿ ದೊಡ್ಡ ಅನುಕೂಲ ಇದೆ, ಪೂರ್ತಿ ಚಿತ್ರಗಳೇ. ಸೂಚನೆಯನ್ನು ಕನ್ನಡದಲ್ಲಿ ಒಂದು ಸಲ ಬಿಡಿಸಿ ಹೇಳಿದರೆ ಸಾಕು, ಇಂಗ್ಲಿಷಿನ ಅಡ್ಡಿ ಇಲ್ಲ. ಇಂಗ್ಲಿಷ್ ಬರದ, ಆದರೆ ನೋಟ ಚುರುಕಾಗಿರುವ ಮಗು ಮೊದಲ ವಾರವೇ ನಿಮ್ಮ ಕಣ್ಣಿಗೆ ಬೀಳುತ್ತದೆ.

ಮೆಂಟಲ್ ರೊಟೇಶನ್ ಪರೀಕ್ಷೆಯೂ ಇದೆ, 1978ರಲ್ಲಿ ವಾಂಡೆನ್‌ಬರ್ಗ್ ಮತ್ತು ಕ್ಯೂಸ್ ಮಾಡಿದ್ದು. ನಾಲ್ಕು ಚಿತ್ರಗಳಲ್ಲಿ ಎರಡು ಸರಿ, ಸಾಮಾನ್ಯವಾಗಿ ಎರಡನ್ನೂ ಹಿಡಿದರೆ ಮಾತ್ರ ಅಂಕ. ಸಮಯ ಬಹಳ ಬಿಗಿ. ನಿಧಾನಕ್ಕೆ, ಆದರೆ ಸರಿಯಾಗಿ ಯೋಚಿಸುವ ಮಕ್ಕಳು ಇದರಲ್ಲಿ ಹೆದರಿಬಿಡುತ್ತಾರೆ, ಅದಕ್ಕೇ ನಾನು ಹೊಸಬರಿಗೆ ಕೊಡಲ್ಲ. ಕತ್ತರಿಸುವ ನೋಟಕ್ಕೆ ಮೆಂಟಲ್ ಕಟಿಂಗ್ ಪರೀಕ್ಷೆ, ಅಮೆರಿಕದಲ್ಲಿ 1939ರಿಂದ ಬಂದಿದ್ದು, 25 ಪ್ರಶ್ನೆ, 20 ನಿಮಿಷ. ಇದು ಕಠಿಣ. ಸೆಕ್ಷನ್ ಪಾಠ ಶುರು ಮಾಡುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕೊಟ್ಟರೆ ನಿಮ್ಮ ಪಾಠ ಎಷ್ಟು ಇಳಿದಿದೆ ಗೊತ್ತಾಗುತ್ತದೆ.

ಯಾವುದನ್ನೇ ಕೊಡಿ, ಅದರ ಅಂಕವನ್ನು ಇಂಟರ್ನಲ್ಸ್‌ಗೆ ಸೇರಿಸಬೇಡಿ. ನೋಟಿಸ್ ಬೋರ್ಡಿಗೆ ಹಾಕಲೇಬೇಡಿ. ಜ್ವರ ನೋಡುವ ಥರ್ಮಾಮೀಟರ್ ಇದ್ದ ಹಾಗೆ ಅದು. ಯಾರಿಗೆ ಸಹಾಯ ಬೇಕು ಅಂತ ತಿಳಿಯೋಕೆ ಮಾತ್ರ.

ಅಂಕಕ್ಕೆ ಬಂದರೆ, ಶೀಟ್ ತಿದ್ದುವುದು ಹಳೆಯ ದಾರಿ. ಬಿಡಬೇಡಿ, ಆದರೆ ಹತ್ತರಲ್ಲಿ ಹಂಚಿಕೆ ಬದಲಾಯಿಸಿ. ನಾನು ವ್ಯೂಗಳು ಸರಿಯಾದ ಜಾಗದಲ್ಲಿ ಇದ್ದರೆ 3, ಕಾಣುವ ಅಂಚುಗಳಿಗೆ 3, ಕಾಣದ ಅಂಚುಗಳಿಗೆ 2, ಅಳತೆಗೆ 1, ಗೆರೆಯ ಅಂದಕ್ಕೆ 1 ಕೊಡುತ್ತೇನೆ. ಮೊದಲೇ ಬೋರ್ಡಿನ ಮೇಲೆ ಬರೆದು ಹೇಳಿರುತ್ತೇನೆ. ಅಂದದ ಶೀಟಿಗೆ ಅಂಕ ಕಡಿಮೆ ಬಂತು ಅಂತ ಆಮೇಲೆ ಯಾರೂ ಅಳಬಾರದು.

ನಕಲು ತಡೆಯೋಕೆ ಯುಎಸ್‌ಎನ್ (ವಿದ್ಯಾರ್ಥಿಯ ವಿಶ್ವವಿದ್ಯಾಲಯದ ಸಂಖ್ಯೆ) ಬಳಸಿ. ಪ್ರಿಸಮ್‌ನ ತಳದ ಅಂಚು 30 ಕೂಡಿಸು ನಿಮ್ಮ ಯುಎಸ್‌ಎನ್‌ನ ಕೊನೆಯ ಅಂಕಿ, ವಾಲುವ ಕೋನ 40 ಕೂಡಿಸು ಅದರ ಹಿಂದಿನ ಅಂಕಿ. ಹೀಗೆ ಕೊಟ್ಟರೆ ಗಾಜೂ ಕೆಲಸ ಮಾಡಲ್ಲ, ಪೆನ್‌ಡ್ರೈವಿನಿಂದ ಫೈಲ್ ಹೊಡೆದು ಹೆಸರು ಬದಲಾಯಿಸುವುದೂ ನಡೆಯಲ್ಲ. ತಿದ್ದೋಕೆ ಮಾತ್ರ ನಿಮಗೆ ತ್ರಾಸು. ಅದಕ್ಕೆ ಮೊದಲೇ ಮಾಡೆಲ್ ಮಾಡಿಟ್ಟುಕೊಂಡು ಅಳತೆ ಬದಲಾಯಿಸುತ್ತಾ ಹೋಗಿ, ಸಾಫ್ಟ್‌ವೇರ್ ಉತ್ತರ ಕೊಡುತ್ತದೆ.

ಇವೆಲ್ಲಕ್ಕಿಂತ ನಾನು ನಂಬುವುದು ಮೇಜಿನ ಪರೀಕ್ಷೆಯನ್ನು. ರೆಕಾರ್ಡಿನಲ್ಲಿ ಇಲ್ಲದ, ಮಗು ಹಿಂದೆ ಕಾಣದ ಒಂದು ವಸ್ತು ಮೇಜಿನ ಮೇಲೆ ಇಡಿ. ಹದಿನೈದು ನಿಮಿಷ, ಫ್ರೀಹ್ಯಾಂಡ್, ಮೂರು ವ್ಯೂ. ಆಮೇಲೆ ಎರಡು ನಿಮಿಷ ಬಾಯಲ್ಲಿ ಕೇಳಿ, "ಈ ತುಂಡು ಗೆರೆ ಯಾಕಪ್ಪಾ ಇಲ್ಲಿ ಬಂತು? ಇದನ್ನು ಈ ಕಡೆಯಿಂದ ನೋಡಿದರೆ?" ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಹೇಳಲಿ. ಅರವತ್ತು ಜನಕ್ಕೆ ಎರಡು ದಿನ ಹಿಡಿಯುತ್ತದೆ. ಆ ಎರಡು ದಿನ ಹೇಗಾದರೂ ಹೊಂದಿಸಿಕೊಳ್ಳಿ.

ಹಾಗಾದರೆ ನಿಮ್ಮ ಕ್ಲಾಸಿಗೆ?

ಜನ ಜಾಸ್ತಿ, ಲ್ಯಾಬ್ ಒಂದೇ ಇದ್ದರೆ ಅರ್ಧ ಜನ ಲ್ಯಾಬಿನಲ್ಲಿ, ಅರ್ಧ ಜನ ಸೋಪು ಮತ್ತು ಸ್ಕೆಚ್‌ನಲ್ಲಿ ಇರಲಿ, ವಾರ ಬಿಟ್ಟು ವಾರ ಬದಲಾಯಿಸಿ. ಕಂಪ್ಯೂಟರ್‌ಗೆ ಇಬ್ಬರನ್ನು ಕೂರಿಸುವುದಕ್ಕಿಂತ ಇದು ವಾಸಿ, ಇಬ್ಬರು ಕೂತರೆ ಒಬ್ಬ ಮಾಡುತ್ತಾನೆ, ಇನ್ನೊಬ್ಬ ನೋಡುತ್ತಾನೆ.

ಡಿಪ್ಲೊಮಾ ಮುಗಿಸಿ ಸೀದಾ ಎರಡನೆಯ ವರ್ಷಕ್ಕೆ ಬಂದವರ ಕೈ ಪಳಗಿರುತ್ತದೆ. ಅವರಿಗೆ ಡ್ರಾಫ್ಟರ್ ಬೇಡ, ಮಾಡೆಲಿಂಗ್ ಕೊಡಿ, ಜೊತೆಗೆ ಸೆಕ್ಷನ್ ಊಹಿಸುವ ಕೆಲಸ ಜಾಸ್ತಿ ಕೊಡಿ. ತೋರಣಗಲ್ಲು, ಶಕ್ತಿನಗರದ ಕಾರ್ಖಾನೆಗಳ ಕಡೆ ಕೆಲಸ ಹುಡುಕುವವರಿಗೆ ಡ್ರಾಯಿಂಗ್ ಓದುವುದನ್ನು ಕಲಿಸಿ. ನಮ್ಮಲ್ಲಿ ಫಸ್ಟ್ ಆ್ಯಂಗಲ್, ಟಾಪ್ ವ್ಯೂ ಕೆಳಗೆ. ಅಮೆರಿಕದ ಪದ್ಧತಿಯ ಥರ್ಡ್ ಆ್ಯಂಗಲ್‌ನಲ್ಲಿ ಅದು ಮೇಲೆ. ಹೊರದೇಶದ ಯಂತ್ರದ ಡ್ರಾಯಿಂಗ್ ಕೈಗೆ ಬಂದರೆ ಮೊದಲು ಟೈಟಲ್ ಬ್ಲಾಕಿನ ಹತ್ತಿರದ ಆ ಸಣ್ಣ ಶಂಕುವಿನ ಗುರುತು ನೋಡು ಅನ್ನುವುದು ಅವರಿಗೆ ಅಭ್ಯಾಸ ಆಗಬೇಕು. ಅದನ್ನು ನೋಡದೆ ಹೋದರೆ ತೂತು ಎಡಕ್ಕೆ ಬೀಳಬೇಕಾದ್ದು ಬಲಕ್ಕೆ ಬೀಳುತ್ತದೆ, ಕಬ್ಬಿಣ ಹಾಳು.

ಇನ್ನು ಬ್ಯಾಕ್‌ಲಾಗ್ ಮಕ್ಕಳು, ಪರೀಕ್ಷೆಗೆ ಎರಡೇ ವಾರ ಉಳಿದಿದೆ ಅಂತ ಬರುತ್ತಾರಲ್ಲ, ಅವರ ವಿಷಯದಲ್ಲಿ ನನ್ನ ಕ್ರಮ ಬೇರೆ. ಎಲ್ಲಾ ಅಧ್ಯಾಯ ಹಿಡಿಯಲ್ಲ. ಮೊದಲ ನಾಲ್ಕು ದಿನ ಬೆಳಿಗ್ಗೆ ಒಂದು ಗಂಟೆ ಸೋಪು ಮತ್ತು ಸ್ಕೆಚ್, ಸಂಜೆ ಲ್ಯಾಬಿನಲ್ಲಿ ಅದೇ ವಸ್ತುವಿನ ಪ್ರೊಜೆಕ್ಷನ್. ಐದನೆಯ ದಿನದಿಂದ ಕಾಗದದ ಡೆವಲಪ್‌ಮೆಂಟ್ ಮತ್ತು ಐಸೊಮೆಟ್ರಿಕ್, ಯಾಕೆಂದರೆ ಕೈಗೆ ಸಿಗುವಂಥವು ಇವೆರಡೇ, ಬೇಗ ಹತ್ತುತ್ತವೆ. ಗೆರೆಗಳ ಪ್ರೊಜೆಕ್ಷನ್ ಕೊನೆಗೆ, ಎರಡು ಪೆನ್ಸಿಲ್ ಹಿಡಿದು, ನೋಟ್‌ಬುಕ್ ಅರ್ಧ ತೆರೆದು ನಿಲ್ಲಿಸಿ, ಒಂದು ಪುಟ ಎಚ್‌ಪಿ, ಇನ್ನೊಂದು ವಿಪಿ, ಅಂದರೆ ಒಂದು ಮಲಗಿದ ಸಮತಲ, ಇನ್ನೊಂದು ನಿಂತ ಸಮತಲ. ಮೂರು ದಿನದ ಮೇಲೆ ಶೀಟ್ ತಿದ್ದಿ, ಕೆಂಪು ಎಷ್ಟು ಕಡಿಮೆಯಾಗಿದೆ ಅಂತ ಎಣಿಸಿ. ಕಡಿಮೆಯಾಗದೆ ಇದ್ದರೆ ಮುಂದಿನ ಅಧ್ಯಾಯಕ್ಕೆ ಹೋಗಬೇಡಿ, ಅದೇ ಸೋಪಿನ ಇನ್ನೊಂದು ಮೂಲೆ ಕತ್ತರಿಸಿ ಮತ್ತೆ ಕೈಗೆ ಕೊಡಿ.